ನಾಯಿಯ ಪಾಲು

“ಇಲಿ ಪಾಷಾಣವೇ. ಕೆಳಗಿನ ಮನೆ ಬಡಗಿದೇ ಕೆಲಸ,” ಎಂದು ಮಗಳು ಆಟೋದಲ್ಲಿ ಹಲ್ಲು ಕಡಿದಳು. ಮಡಿಲಲ್ಲಿ ಪುಟಾಣಿ ನಾಯಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಪಕ್ಕದಲ್ಲಿ ಕುಳಿತ ಅಪ್ಪ ಜೇಬು ಮುಟ್ಟಿ ನೋಡಿಕೊಂಡರು.

ಬಡಗಿಗೆ ಆ ನಾಯಿಯನ್ನು ಕಂಡರಾಗದು. ಬೊಗಳಿದರೂ ಜಗಳ, ಬೊಗಳದಿದ್ದರೂ ಜಗಳ. ಮೊನ್ನೆಯಷ್ಟೇ ಮೆಟ್ಟಿಲ ಕೆಳಗೆ ಪಾಷಾಣ ಇಟ್ಟಿದ್ದ.

ಪಶುವೈದ್ಯೆ ನಾಯಿಯ ಎದೆಗೆ ಸ್ಟೆತಸ್ಕೋಪ್ ಇಟ್ಟರು. “ವಾಂತಿ ಮಾಡಿಸೋಕೆ ಅಂತ ಉಪ್ಪುನೀರು ಗಿಪ್ಪುನೀರು ಕುಡಿಸಿಲ್ಲ ತಾನೆ?”

“ಇಲ್ಲ ಮೇಡಂ. ಹಾಗೇ ಎತ್ಕೊಂಡು ಬಂದ್ವಿ.”

“ಒಳ್ಳೇದಾಯ್ತು. ಇದು ಪಾಷಾಣ ಅಲ್ಲ ಅನ್ಸುತ್ತೆ. ಎದೆಬಡಿತ ತೀರಾ ನಿಧಾನ ಆಗಿದೆ. ಮನೇಲಿ ಯಾರಾದ್ರೂ ಬಿಪಿ ಮಾತ್ರೆ ತಗೊಳ್ತಾರಾ?”

“ಅಪ್ಪ ತಗೊಳ್ತಾರೆ. ಆದ್ರೆ ಅದು ಬೀರುವಿನಲ್ಲಿರುತ್ತೆ. ಬೀಗದ ಕೈ ನನ್ನ ಹತ್ರ.”

ದಿನಾ ಬೆಳಿಗ್ಗೆ ಅಪ್ಪನ ಅಂಗೈಗೆ ಮಾತ್ರೆ ಇಡುವವಳು ಅವಳೇ. ಅವರನ್ನು ನೋಡಿಕೊಳ್ಳಲೆಂದೇ ಅಚ್ಚುಕೂಟದ ಕೆಲಸ ಬಿಟ್ಟು ಬಂದವಳು. ಎಷ್ಟು ಪಥ್ಯ ಮಾಡಿದರೂ ಬಿಪಿ ಇಳಿಯುತ್ತಿರಲಿಲ್ಲ. ನಿನ್ನೆ ಡಾಕ್ಟರು ಇನ್ನೂ ಜೋರಿನ ಮಾತ್ರೆ ಬರೆದುಕೊಟ್ಟಿದ್ದರು.

ಅಪ್ಪ ಗೋದಾಮು ಕಾದು ಸವೆದ ಜೀವ. ಮಾತು ಕಡಿಮೆ, ಅಕ್ಕರೆಯೆಲ್ಲ ನಾಯಿಯ ಮೇಲೆ. ಮಗಳು ಏನೇ ಬಡಿಸಲಿ, ಮೊದಲ ತುತ್ತು ಅದಕ್ಕೆ. ಅದು ತಿಂದು ಬಾಲ ಆಡಿಸಿದ ಮೇಲೆಯೇ ಅವರು ತಟ್ಟೆಗೆ ಕೈ ಹಾಕುತ್ತಿದ್ದುದು. ನಾಯಿಯ ಮೇಲೆ ಮಗಳಿಗೆ ಒಳಗೊಳಗೇ ಹೊಟ್ಟೆಕಿಚ್ಚಿತ್ತು.

“ಗೊತ್ತಿರೋರು ಬಾಯಿ ಬಿಟ್ರೆ ಇದು ಉಳಿಯುತ್ತೆ,” ಎಂದರು ವೈದ್ಯೆ.

ಅಪ್ಪ ಗಂಟಲು ಸರಿಮಾಡಿಕೊಂಡರು. “ಇವತ್ತು ಬೆಳಿಗ್ಗೆ ಇವಳು ಕೊಟ್ಟ ಹೊಸ ಮಾತ್ರೆ. ನಾನೇ ತಿನ್ನಿಸ್ದೆ.” ಮಗಳು ಎಸೆದಿದ್ದ ಮಾತ್ರೆಯ ಖಾಲಿ ಕವಚವನ್ನೂ ಜೇಬಿನಿಂದ ತೆಗೆದುಕೊಟ್ಟರು.

ವೈದ್ಯೆ ಹೆಸರು ಓದಿ, ಚುಚ್ಚುಮದ್ದು ಕೊಟ್ಟು, ಡ್ರಿಪ್ ಹಾಕಿದರು. ಸ್ವಲ್ಪ ಹೊತ್ತಿಗೆ ನಾಯಿ ಕಣ್ಣು ತೆರೆಯಿತು. ಮಗಳು ಮಾತ್ರ ಅಪ್ಪನನ್ನೇ ನೋಡುತ್ತ ನಿಂತಿದ್ದಳು.

“ಹಳೇ ಮಾತ್ರೆಗಳು?”

“ಬಚ್ಚಲಿಗೆ.”

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನದ ಆರೈಕೆಯೆಲ್ಲ ನೀರುಪಾಲು. ಬೇರೆ ಯಾರಾದರೂ ಮೋಸ ಮಾಡಿದ್ದರೆ ತಡೆದುಕೊಳ್ಳುತ್ತಿದ್ದಳು. ಅಮ್ಮ ಹೋದ ದಾರಿಯಲ್ಲೇ ಹೋಗಬೇಕೆಂದು ಇವರು ಹಟ ಹಿಡಿದು ಕೂತಿದ್ದಾರೆ.

“ನನ್ನ ಕಣ್ಣಿಗೇ ಮಣ್ಣೆರಚಿದ್ರಲ್ಲ ಅಪ್ಪಾ. ಬದುಕೋ ಆಸೆನೇ ಇಲ್ವಾ ನಿಮಗೆ?”

ಅಪ್ಪ ಮೇಜಿನ ಆಚೆಗಿದ್ದ ವೈದ್ಯೆಯ ಹತ್ತಿರ ಸರಿದು ದನಿ ತಗ್ಗಿಸಿದರು.

“ಆಸೆ ಇರೋದಕ್ಕೇ ನಾಯಿಗೆ ತಿನ್ನಿಸಿ ನೋಡಿದ್ದು ಡಾಕ್ಟ್ರಮ್ಮಾ, ಇವಳು ನನಗೆ ಏನು ಕೊಟ್ಟಿದ್ಲು ಅಂತ ಪೊಲೀಸರಿಗೆ ನೀವೇ ಹೇಳ್ಬೇಕು.”