ನಗರಸಭೆಯ ಮುಖ

ನಗರಸಭೆಯ ಸಮೀಕ್ಷೆಗಳು ಊರಿಡೀ ಒಂದೇ ತರಹ ಕಾಣಬೇಕೆಂದು, ಪ್ರಶ್ನೆ ಕೇಳಲು ಬರುವವರೆಲ್ಲ ಒಂದೇ ಮುಖ ತೊಟ್ಟು ಬರುತ್ತಿದ್ದರು. ಅದು ಗುರುಪಾದಪ್ಪನ ಹೆಂಡತಿ ಶಿವಗಂಗಾಳ ಮುಖ. ನೋಡಿದರೆ ನಂಬಿಕೆ ಹುಟ್ಟುತ್ತದೆಂದು ಹಿಂದೆ ನಗರಸಭೆಯವರೇ ಆರಿಸಿಕೊಂಡಿದ್ದರು. ಆಕೆ ತೀರಿಕೊಂಡ ಮೇಲೆ, ಚರಂಡಿಯ ಬಗ್ಗೆ ಕೇಳಲು ಬಂದವರನ್ನೂ ಗುರುಪಾದಪ್ಪ ಒಳಗೆ ಕೂರಿಸಿ, ಸಾವಕಾಶವಾಗಿ ಉತ್ತರಿಸುತ್ತಿದ್ದ.

ಒಂದು ದಿನ ಅದೇ ಮುಖ ತೊಟ್ಟು ಬಂದ ಹುಡುಗಿ ಕೇಳಿದಳು: “ಅಜ್ಜಾರ, ಈ ಮುಖ ಹಳೇದಾತು ಅಂತಾರ. ಬದಲ ಮಾಡೂಣೇನ್ರಿ?”

ಬೇಡವೆನ್ನಲು ಬಾಯಿ ತೆರೆದವನಿಗೆ, ತುಸು ಮುಂಚೆ ಕಿಟಕಿಯಿಂದ ಕಂಡದ್ದು ನೆನಪಾಯಿತು. ಎದುರುಮನೆಯವ “ಮತ್ತ ಬಂದ್ಯಾ?” ಎಂದು ಗದರಿ, ಆ ಮುಖದ ಮೇಲೆಯೇ ಬಾಗಿಲು ಬಡಿದಿದ್ದ. ಬದುಕಿದ್ದಾಗ ಶಿವಗಂಗಾಳಿಗೆ ಯಾರೂ ದನಿ ಏರಿಸಿ ಮಾತಾಡಿದ್ದಿಲ್ಲ.

“ಬದಲ ಮಾಡ್ರಿ,” ಎಂದ. “ಮಂದಿ ಬಾಗಲಾ ತಿರುಗಿ ತಿರುಗಿ ಸಾಕಾಗೇತಿ ಆಕಿಗೆ.”

ಹುಡುಗಿಗೆ ಅದು ಅರ್ಥವಾಗಲಿಲ್ಲ. ಉತ್ತರ ಗುರುತು ಹಾಕಿಕೊಂಡು ಎದ್ದಳು. ಗುರುಪಾದಪ್ಪ ಹೊಸ್ತಿಲವರೆಗೆ ಬಂದ.

“ನಿಧಾನಕ ಹೋಗು, ಗಂಗಾ.”

ಹುಡುಗಿ ತಿರುಗಿ ನೋಡಿದಳು.

“ಬರ್ತೀನ್ರಿ,” ಎಂದಿತು ಶಿವಗಂಗಾಳ ಮುಖ.