ಹದಿನೆಂಟರ ಮುಂದೆ

ಹೋಟೆಲಿನ ಗಲ್ಲಾದ ಬಳಿ ಇಟ್ಟ ಸೋಂಪನ್ನು ಎತ್ತಿಕೊಂಡಾಗಲೆಲ್ಲ ನನಗೆ ಬಾಗಲಗುಂಟೆಯ ಬಾಡಿಗೆ ಕೋಣೆಯ ಒಂದು ಭಾನುವಾರ ನೆನಪಾಗುತ್ತದೆ.

ಗದಗದ ಕಡೆಯಿಂದ ಬಂದು ಪೀಣ್ಯದ ಫ್ಯಾಕ್ಟರಿ ಸೇರಿದ್ದ ಅಪ್ಪ, ಗುಟ್ಕಾ ಬಿಡುತ್ತೇನೆಂದು ಅವ್ವನಿಗೆ ಮಾತು ಕೊಟ್ಟು ಸೋಂಪು ಜಗಿಯುತ್ತಿದ್ದ. ಗುಟ್ಕಾ ತಿನ್ನದೆ ಕಳೆದ ದಿನಗಳನ್ನು ಎಣಿಸಿ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುವುದು ಎಂಟು ವರ್ಷದ ನನ್ನ ಕೆಲಸ. ಹದಿನೆಂಟರವರೆಗೆ ಬರೆದಿದ್ದೆ. ಆ ಮಧ್ಯಾಹ್ನ ಒಗೆಯಲು ತೆಗೆದ ಅವನ ಅಂಗಿಯ ಜೇಬಿನಿಂದ ಹರಿದ ಪೊಟ್ಟಣ ಬಿತ್ತು.

“ಮುಂಜಾನಿ ಗೆಳೆಯಾರು ಕೊಟ್ರು, ತಿಂದೆ,” ಎಂದ ಅಪ್ಪ ತಲೆ ತಗ್ಗಿಸಿ.

ನಾನು ಅಳುತ್ತಾ ರಬ್ಬರು ತಂದು ಒಂದರಿಂದ ಅಳಿಸತೊಡಗಿದೆ. ಅವ್ವ ಕೈ ಹಿಡಿದಳು.

“ಯಾಕ ಅಳಸ್ತೀಬೇ? ಆ ಹದಿನೆಂಟು ದಿನ ನಿಮ್ಮಪ್ಪ ತಿಂದಾರೇನು?”

“ಇಲ್ಲ.”

“ಮತ್ತ? ನಾಚಿಕಿ ಅವರಿಗಿರಲಿ, ಕ್ಯಾಲೆಂಡರಿಗ್ಯಾಕ? ಇವತ್ತಿನ ಚೌಕ ಅಷ್ಟ ಖಾಲಿ ಬಿಡು.”

ಅಪ್ಪ ಹತ್ತಿರ ಬಂದು, ನಾನು ಅಳಿಸಿದ್ದ ಒಂದನ್ನು ತಾನೇ ದಪ್ಪಗೆ ಬರೆದ.

ಮರುದಿನ ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ನನ್ನ ಮುಂದೆ ಬಗ್ಗಿ ಬಾಯಿ ತೆರೆದು ತೋರಿಸಿದ. ಸೋಂಪಿನ ವಾಸನೆ ಬಂತು. ನಾನು ಭಾನುವಾರದ ಖಾಲಿ ಚೌಕ ದಾಟಿ, ಪಕ್ಕದಲ್ಲಿ ಹತ್ತೊಂಬತ್ತು ಎಂದು ಬರೆದೆ.