ಹೆಬ್ಬೆಟ್ಟಿನ ಗುರುತು

“ಇದೊಂದು ಇನ್ನೂ ಬಿದ್ದಿಲ್ಲಮ್ಮ,” ಎಂದಳು ಸಹಾಯಕಿ ಅಕ್ಷತಾ. ಹೂಟಗಳ್ಳಿಯ ಟೇಪ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಆರು ಬಗೆಯ ಟೇಪುಗಳನ್ನು ಉಕ್ಕಿನ ಫಲಕಕ್ಕೆ ಅಂಟಿಸಿ, ಒಂದೊಂದಕ್ಕೂ ಒಂದು ಕಿಲೋ ತೂಕದ ಬಟ್ಟು ನೇತುಹಾಕಿದ್ದವರು ರುದ್ರಸ್ವಾಮಿ. ಮರುದಿನವೇ ಅವರು ತೀರಿಕೊಂಡರು. ಐದು ಬಟ್ಟುಗಳು ಒಂದೊಂದಾಗಿ ಬಿದ್ದವು. ಬಿದ್ದಂತೆಲ್ಲ, ಎಷ್ಟು ಹೊತ್ತು ಹಿಡಿದಿತ್ತೆಂದು ಅಳೆಯುವ ಅವುಗಳ ಗಡಿಯಾರಗಳು ನಿಂತವು. ಆರನೆಯದು ಮಾತ್ರ ಇಪ್ಪತ್ತು ದಿನಗಳಿಂದ ಓಡುತ್ತಲೇ ಇತ್ತು.

ಗಂಡ ರುದ್ರಸ್ವಾಮಿಯ ಊಟದ ಡಬ್ಬಿ ಒಯ್ಯಲು ಬಂದಿದ್ದ ನೀಲಾಂಬಿಕೆ ಹತ್ತಿರ ಬಾಗಿ ನೋಡಿದರು. ಪಾರದರ್ಶಕ ಟೇಪಿನೊಳಗೆ ಹೆಬ್ಬೆಟ್ಟಿನ ಗೆರೆಗಳು ಅಚ್ಚೊತ್ತಿದಂತಿದ್ದವು.

“ಅಂಟಿಗೆ ಬೆರಳು ತಾಗಿದ್ರೆ ಹಿಡಿತ ಕಮ್ಮಿಯಾಗುತ್ತೆ ಅಂತ ನಮಗೆಲ್ಲ ಬೈಯೋರು. ಕೊನೇಲಿ ತಾವೇ ಮುಟ್ಬುಟ್ಟಿದ್ದಾರೆ. ಹಂಗ್ ನೋಡಿದ್ರೆ ಇದೇ ಮೊದ್ಲು ಬೀಳ್ಬೇಕಿತ್ತು,” ಎಂದ ಅಕ್ಷತಾ ದನಿ ತಗ್ಗಿಸಿದಳು. “ಅಂಟಿಸಿದೋರೇ ತೆಗೀಬೇಕು ಅನ್ನೋದು ಇಲ್ಲಿ ರೂಢಿ. ಅದಕ್ಕೇ ಯಾರೂ ಕೈ ಹಾಕಿಲ್ಲ.”

ನೀಲಾಂಬಿಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ತೂಗುತ್ತಿದ್ದ ಬಟ್ಟಿನ ಕೆಳಗೆ, ಅದಕ್ಕೆ ತಾಗದಂತೆ, ಅಂಗೈ ಒಡ್ಡಿದರು.

“ಸಾಕು ಕಣ್ರೀ,” ಎಂದರು ಮೆಲ್ಲಗೆ. “ನಾನು ಹಿಡ್ಕೋತೀನಿ.”

ಗಡಿಯಾರ ನಿಂತಿತು. ಬಟ್ಟು ಅವರ ಅಂಗೈಯಲ್ಲಿತ್ತು.